ಬೇಸಿಗೆಯ ಬಿಡುವಿಗೊಂದು ಕೌದಿ

ಒಕ್ಕಲುತನದ ಬಾಳ್ವೆಯಲ್ಲಿ ಬೇಸಿಗೆಯೆಂದರೆ ಬರಿಯ ಬಿಸಿಲಲ್ಲ, ಬಿಡುವು ಕೂಡ. ಸುಗ್ಗಿ ಮುಗಿದು, ಕಾಳುಕಡಿ ಮನೆ ಸೇರಿ, ಮುಂಗಾರಿನ ಬಿತ್ತನೆಗೆ ಇನ್ನೂ ಅವಧಿಯಿರುವ ಆ ದಿನಗಳಲ್ಲಿ ನಮ್ಮ ತಾಯಂದಿರು ಸುಮ್ಮನೆ ಕುಳಿತವರಲ್ಲ. ಹಪ್ಪಳ, ಸಂಡಿಗೆ, ಶಾವಿಗೆ, ಉಪ್ಪಿನಕಾಯಿಗಳ ಜೊತೆಗೆ ಇನ್ನೊಂದು ಕೆಲಸವನ್ನು ಅವರು ಈ ಕಾಲಕ್ಕೆಂದೇ ತೆಗೆದಿರಿಸುತ್ತಿದ್ದರು. ಅದು ಕೌದಿ ಹೊಲಿಯುವ ಕೆಲಸ. ಹಪ್ಪಳ, ಶಾವಿಗೆಗಳು ವರ್ಷ ತುಂಬುವ ಮೊದಲೇ ತೀರಿಹೋಗುತ್ತವೆ. ಕೌದಿಯಾದರೋ ಹೊಲಿದವಳ ಕೈ ನಡುಗುವ ಕಾಲಕ್ಕೂ ಮೊಮ್ಮಕ್ಕಳ ಮೈಮೇಲೆ ಬೆಚ್ಚಗೆ ಉಳಿದಿರುತ್ತದೆ.

ಮುಂಡಗೋಡ ತಾಲೂಕಿನಲ್ಲಿ, ಜಲಾಶಯದ ಸನಿಹದಲ್ಲಿರುವ ಸನವಳ್ಳಿಯಂಥ ಊರುಗಳನ್ನು ನೆನೆದರೆ ಈ ಮಾತು ಚೆನ್ನಾಗಿ ಮನದಟ್ಟಾಗುತ್ತದೆ. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಸೀಮೆಯದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಧಾರವಾಡದ ಬಯಲಿನಂತೆಯೇ ಬಿಸಿಲು ಕಾಯುತ್ತದೆ. ಜೂನ್ ತಿಂಗಳಲ್ಲಿ ಮೃಗಶಿರ ಮಳೆ ಹಿಡಿಯಿತೆಂದರೆ ಗೋಡೆ ನೆಲಗಳೆಲ್ಲ ತಂಪೇರಿ, ರಾತ್ರಿ ದಪ್ಪನೆಯ ಹೊದಿಕೆಯಿಲ್ಲದೆ ನಿದ್ರೆ ಬಾರದು. ಆದ್ದರಿಂದ ಮಳೆಗಾಲದ ಹೊದಿಕೆಯನ್ನು ಬೇಸಿಗೆಯಲ್ಲಿಯೇ ಸಿದ್ಧಪಡಿಸಿಕೊಳ್ಳುವುದು ಇಲ್ಲಿ ಜಾಣತನ ಮಾತ್ರವಲ್ಲ, ಅವಶ್ಯಕತೆಯೇ ಆಗಿತ್ತು.

ಬೇಸಿಗೆಯೇ ಈ ಕೆಲಸಕ್ಕೆ ತಕ್ಕ ಕಾಲವಾಗಲು ಬೇರೆ ಕಾರಣಗಳೂ ಉಂಟು. ಕೌದಿಯೊಳಗೆ ಸೇರುವ ಹಳೆಯ ಅರಿವೆಗಳನ್ನು ಒಗೆದು, ತೇವದ ಸುಳಿವೂ ಉಳಿಯದಂತೆ ಒಣಗಿಸಬೇಕು. ಹಸಿ ಉಳಿದ ಅರಿವೆ ಪದರಗಳ ನಡುವೆ ಮುಗ್ಗಲು ಹಿಡಿಯುತ್ತದೆ. ಅಂಥ ಬಿಸಿಲು ಈ ಎರಡು ತಿಂಗಳಲ್ಲಲ್ಲದೆ ದೊರೆಯದು. ಹಗಲು ದೀರ್ಘವಾಗಿರುವುದರಿಂದ ಕಣ್ಣಿಗೆ ಬೆಳಕು ಸಾಲುತ್ತದೆ. ಶಾಲೆಗೆ ರಜೆಯಿರುವುದರಿಂದ ಮಕ್ಕಳು ಮನೆಯಲ್ಲಿರುತ್ತಾರೆ. ಗಂಡನ ಮನೆಯಿಂದ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಒಂದು ಕೌದಿ ಹಾಸಿದರೆ ಅದರ ನಾಲ್ಕು ಅಂಚುಗಳಿಗೆ ನಾಲ್ವರು ತಾವಾಗಿಯೇ ಬಂದು ಕೂಡುತ್ತಾರೆ.

ಕಂತೆ, ಬೊಂತೆ, ಕೌದಿ

ನಮ್ಮ ನುಡಿಯಲ್ಲಿ ಈ ವಸ್ತುವಿಗೆ ಹಲವು ಹೆಸರುಗಳಿವೆ. ಸಂಸ್ಕೃತದ ಕಂಥಾ ಎಂಬುದು ಕನ್ನಡದಲ್ಲಿ ಕಂತೆಯಾಯಿತು. ತುಂಡು ಅರಿವೆಗಳನ್ನು ಸೇರಿಸಿ ಹೊಲಿದ ಹೊದಿಕೆಯೆಂದು ಅದರ ಅರ್ಥ. ಬೊಂತೆ ಎಂಬುದಕ್ಕೂ ಅದೇ ಅರ್ಥ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ನಾವು ಇಂದಿಗೂ ಆಡುತ್ತೇವೆ. ಆ ಎರಡೂ ಶಬ್ದಗಳು ಹೊದಿಕೆಯ ಹೆಸರುಗಳೆಂಬುದನ್ನು ಮಾತ್ರ ಮರೆತಿದ್ದೇವೆ. ಬಂಗಾಳದ ಕಾಂತಾ ಇದೇ ಕುಲಕ್ಕೆ ಸೇರಿದ್ದು. ಮರಾಠಿಗರು ಇದನ್ನು ಗೋಧಡಿ ಎನ್ನುತ್ತಾರೆ. ಬಿಹಾರದಲ್ಲಿ ಇದರ ಸೋದರಿಯ ಹೆಸರು ಸುಜನಿ. ಉತ್ತರ ಕರ್ನಾಟಕದಲ್ಲಿ ಕೌದಿಯೆಂಬುದೇ ರೂಢಿ.

ಊರೂರು ಅಲೆಯುವ ವಿರಕ್ತನು ಜನರು ಬಿಟ್ಟ ತುಂಡುಗಳನ್ನು ಹೊಲಿಸಿ ಕಂತೆಯಾಗಿ ಹೊದೆಯುತ್ತಿದ್ದನು. ಯಾರಿಗೂ ಬೇಡವಾದುದು ಅವನ ಮೈಯನ್ನು ಕಾಯುತ್ತಿತ್ತು. ಸಂಸಾರಿಯ ಕೌದಿಯ ಹಿಂದಿರುವ ತತ್ತ್ವವೂ ಇದೇ. ಉಟ್ಟು ಹಳತಾದುದು ಹಾಳಲ್ಲ. ಅದಕ್ಕೆ ಎರಡನೆಯ ಬಾಳು ಉಂಟು ಎಂಬ ನಂಬುಗೆಯಿಲ್ಲದವರು ಕೌದಿ ಹೊಲಿಯಲಾರರು.

ಮನೆತನದ ದಾಖಲೆ

ಕೌದಿಯ ಮೌಲ್ಯವು ಅದರ ಬೆಚ್ಚನೆಯ ಗುಣದಲ್ಲಿ ಮಾತ್ರ ಇಲ್ಲ. ಅದರಲ್ಲಿ ಅಜ್ಜಿಯ ಇಳಕಲ್ ಸೀರೆಯ ಸೆರಗು ಇರುತ್ತದೆ, ಅಜ್ಜನ ಧೋತರ ಇರುತ್ತದೆ, ತಾಯಿಯ ಗುಳೇದಗುಡ್ಡದ ಖಣದ ಕುಪ್ಪಸದ ತುಂಡು ಇರುತ್ತದೆ, ಮಗ ಮೊದಲ ಸಲ ಶಾಲೆಗೆ ಹೋದಾಗ ತೊಟ್ಟ ಅಂಗಿ ಇರುತ್ತದೆ. ಹೆಸರು, ಇಸವಿಗಳಿಲ್ಲದ ಮನೆತನದ ದಾಖಲೆಯದು. ಓದುಬರಹ ಬಾರದ ತಾಯಂದಿರು ಬರೆದಿಟ್ಟ ದಾಖಲೆ.

ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿದ್ದು ಓದಿದ ನನ್ನಂಥವರಿಗೆ ಇದು ಅನುಭವದ ಮಾತು. ಆ ಕಾಲದಲ್ಲಿ ಹಳ್ಳಿಯಿಂದ ಬರುವ ಹುಡುಗನ ಬಳಿ ಒಂದು ತಗಡಿನ ಪೆಟ್ಟಿಗೆ, ಒಂದು ತಾಟು, ಸುತ್ತಿ ಕಟ್ಟಿದ ಒಂದು ಕೌದಿ, ಇಷ್ಟೇ ಇರುತ್ತಿದ್ದವು. ರಾತ್ರಿ ಪ್ರಾರ್ಥನೆ ಮುಗಿದು ದೀಪ ಆರಿಸಿದ ಮೇಲೆ ಕೆಲವು ಸಣ್ಣ ಹುಡುಗರು ಮುಸುಕೆಳೆದು ಅಳುತ್ತಿದ್ದರು. ಆಮೇಲೆ ಕೌದಿಯ ಒಂದು ಮೂಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿದ್ರೆ ಹೋಗುತ್ತಿದ್ದರು. ನನ್ನ ಕೌದಿಯಲ್ಲಿ ತಾಯಿಯ ಹಸಿರು ಸೀರೆಯ ತುಂಡು ಎಲ್ಲಿದೆಯೆಂಬುದು ಕತ್ತಲೆಯಲ್ಲಿಯೂ ನನಗೆ ಗೊತ್ತಾಗುತ್ತಿತ್ತು, ಅದರ ಅಂಚು ಬೆರಳಿಗೆ ಬೇರೆಯಾಗಿ ತಾಕುತ್ತಿತ್ತು. ಅಂಗಡಿಯಿಂದ ಕೊಂಡ ಯಾವ ರಗ್ಗೂ ಹುಡುಗನೊಬ್ಬನಿಗೆ ಈ ಧೈರ್ಯವನ್ನು ಕೊಡಲಾರದು.

ಬಾಣಂತಿಗೂ ಹಸುಗೂಸಿಗೂ ಕೌದಿಯೇ ಮೊದಲ ಹಾಸಿಗೆ. ತೊಟ್ಟಿಲಲ್ಲಿ ಹಾಸುವ ಸಣ್ಣ ಕೌದಿಗೆ ಅಜ್ಜಿಯ ಹಳೆಯ ಹತ್ತಿಯ ಸೀರೆಯನ್ನೇ ಆರಿಸುತ್ತಿದ್ದರು. ನೂರಾರು ಸಲ ಒಗೆದು ಮೆತ್ತಗಾದ ಆ ಅರಿವೆ ಕೂಸಿನ ಎಳೆಯ ಚರ್ಮಕ್ಕೆ ಒತ್ತದು, ಬೆವರನ್ನೂ ಹೀರುತ್ತದೆ. ಹೊಸ ಬಟ್ಟೆ ಅಂಗಡಿಯಲ್ಲಿ ಸಿಗುತ್ತದೆ; ಮೆತ್ತಗಾದ ಹಳೆಯ ಬಟ್ಟೆಯನ್ನು ಮಾತ್ರ ಕಾಲವೇ ಕೊಡಬೇಕು.

ಏಕೆ ಮರೆಯಾಗುತ್ತಿದೆ?

ಇಷ್ಟೆಲ್ಲ ಗುಣಗಳಿದ್ದರೂ ಕೌದಿ ನಮ್ಮ ಮನೆಗಳಿಂದ ಹಿಂದೆ ಸರಿಯುತ್ತಿದೆ. ಕಾರಣಗಳು ಸುಳ್ಳಲ್ಲ. ಪಾಲಿಯೆಸ್ಟರ್ ಸೀರೆಗಳು ಬಂದ ಮೇಲೆ ಕೌದಿಗೆ ಯೋಗ್ಯವಾದ ಹತ್ತಿಯ ಅರಿವೆ ಕಡಿಮೆಯಾಯಿತು. ಆ ನೂಲು ಬೆವರು ಹೀರದು. ಪದರಗಳು ಒಂದರ ಮೇಲೊಂದು ಜಾರುತ್ತವೆ. ಬೆಂಕಿಯ ಹತ್ತಿರ ಹೋದರೆ ಕರಗಿ ಮೈಗೆ ಅಂಟುವ ಅಪಾಯವೂ ಉಂಟು. ಒಗೆಯುವ ಕಷ್ಟವೂ ಸಣ್ಣದಲ್ಲ. ನೀರು ಕುಡಿದ ಕೌದಿಯನ್ನು ಎತ್ತುವುದು ಒಬ್ಬರ ಕೈಯಲ್ಲಾಗದು. ಮಹಾನವಮಿಯ ಮೊದಲು ಮನೆಯ ಹಾಸಿಗೆಗಳನ್ನೆಲ್ಲ ಹಳ್ಳಕ್ಕೆ ಒಯ್ದು, ಇಬ್ಬರು ಎದುರುಬದುರು ನಿಂತು ಹಿಂಡುತ್ತಿದ್ದ ಕಾಲ ಈಗಿಲ್ಲ.

ಆದರೆ ಇವೆಲ್ಲಕ್ಕಿಂತ ದೊಡ್ಡ ಕಾರಣ ಸಂಕೋಚ. ಕೌದಿ ಬಡತನದ ಗುರುತು ಎಂಬ ಭಾವನೆ ನಮ್ಮಲ್ಲಿ ಯಾವಾಗಲೋ ಬೇರೂರಿತು. ಬೀಗರು ಬರುವರೆಂದರೆ ಕೌದಿಗಳನ್ನು ಅಟ್ಟಕ್ಕೇರಿಸಿ ರಗ್ಗುಗಳನ್ನು ಹಾಸುವುದು ವಾಡಿಕೆಯಾಯಿತು. ಹಳೆಯ ಸೀರೆಗಳ ಗಂಟನ್ನು ಓಣಿಗೆ ಬರುವ ಪಾತ್ರೆಯವನ ಮುಂದೆ ಬಿಚ್ಚಿ, ಒಂದು ಉಕ್ಕಿನ ಡಬ್ಬಿಗೆ ಬದಲಾಯಿಸುವುದೇ ಜಾಣತನವೆನಿಸಿತು. ಡಬ್ಬಿಗೆ ಬದಲಾಗಿ ಹೋದುದು ಬಟ್ಟೆ ಮಾತ್ರವಲ್ಲ. ಅತ್ತೆ ಉಟ್ಟುದು, ತಾಯಿ ಉಟ್ಟುದು, ಸೀಮಂತದಲ್ಲಿ ಉಟ್ಟುದು, ಎಲ್ಲವೂ ಆ ಗಂಟಿನಲ್ಲಿ ಹೋಯಿತು.

ಇನ್ನೊಂದು ಹಾನಿ ಕಣ್ಣಿಗೆ ಕಾಣದು. ಕೌದಿಯ ವಿದ್ಯೆ ಪುಸ್ತಕದಲ್ಲಿಲ್ಲ, ಕೈಯಲ್ಲಿದೆ. ಕೈಯಿಂದ ಕೈಗೆ ದಾಟದಿದ್ದರೆ ಒಂದೇ ತಲೆಮಾರಿನಲ್ಲಿ ಅದು ಮುಗಿದುಹೋಗುತ್ತದೆ. ಇಂದು ಎಪ್ಪತ್ತು ದಾಟಿದ ಅಜ್ಜಿಗೆ ಬರುವ ಹೊಲಿಗೆ ಐವತ್ತರ ಮಗಳಿಗೆ ಅರೆಬರೆ ಬರುತ್ತದೆ. ಇಪ್ಪತ್ತೈದರ ಮೊಮ್ಮಗಳಿಗೆ ಬಾರದು. ಈ ಸರಪಳಿ ನಮ್ಮ ಕಣ್ಣ ಮುಂದೆಯೇ ಕಡಿಯುತ್ತಿದೆ.

ನೆರೆಯ ಸಿದ್ದಿ ತಾಯಂದಿರು

ನಾವು ಸಂಕೋಚದಿಂದ ಅಟ್ಟಕ್ಕೇರಿಸಿದುದನ್ನು ನಮ್ಮ ನೆರೆಯಲ್ಲಿಯೇ ಕೆಲವರು ಅಭಿಮಾನದಿಂದ ಉಳಿಸಿಕೊಂಡಿದ್ದಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೊಯಿಡಾ, ಅಂಕೋಲಾ ತಾಲೂಕುಗಳ ಅಡವಿಯಂಚಿನ ಹಳ್ಳಿಗಳಲ್ಲಿ ಬಾಳುವ ಸಿದ್ದಿ ಜನಾಂಗದ ತಾಯಂದಿರು ಅವರು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದ ಪೂರ್ವ ಭಾಗದಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಅಡವಿಗಳನ್ನು ಸೇರಿದವರ ಸಂತತಿಯವರು ಇವರಲ್ಲಿ ಅನೇಕರೆಂದು ಇತಿಹಾಸಕಾರರು ಹೇಳುತ್ತಾರೆ. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇವರಲ್ಲಿದ್ದಾರೆ. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು.

ಇವರು ಕೌದಿಯನ್ನು ಕವಂದಿ ಎಂದೂ ಕರೆಯುತ್ತಾರೆ. ಇವರ ಹೊಲಿಗೆಯ ಕ್ರಮ ಗಮನಿಸತಕ್ಕದ್ದು. ಮೊದಲು ಒಂದು ಸೀರೆಯನ್ನು ತಳಕ್ಕೆ ಹಾಸಿ, ಒಂದು ಮೂಲೆಯಿಂದ ಹೊಲಿಗೆ ಆರಂಭಿಸುತ್ತಾರೆ. ಅಂಚಿನಗುಂಟ ತುಂಡುಗಳನ್ನು ಇಡುತ್ತ, ಅವುಗಳ ಅಂಚನ್ನು ಒಳಕ್ಕೆ ಮಡಚುತ್ತ, ಸಾಲು ಸಾಲಾಗಿ ಸುತ್ತು ಬರುತ್ತ ಕೊನೆಗೆ ನಡುವಿಗೆ ಬಂದು ನಿಲ್ಲುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಯಾವ ತುಂಡಿನ ಬದಿಗೆ ಯಾವ ಬಣ್ಣ ಎಂಬುದನ್ನು ಕಣ್ಣು, ಕೈಗಳೇ ನಿರ್ಧರಿಸುತ್ತವೆ. ಎಷ್ಟು ಮಂದಿ ಮಲಗುವರೋ ಅದಕ್ಕೆ ತಕ್ಕ ಅಳತೆ. ಕೆಲವು ಕೌದಿಗಳಲ್ಲಿ ಶಿಲುಬೆ, ಕೆಲವುಗಳಲ್ಲಿ ಅರ್ಧಚಂದ್ರ ಕಾಣುತ್ತವೆ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗಳಲ್ಲಿ ಬಣ್ಣದ ಬಟ್ಟೆಯನ್ನು ಪದರ ಪದರವಾಗಿ ಮಡಚಿದ ಹೂವುಗಳನ್ನು ಕೂಡಿಸುತ್ತಾರೆ. ಅವುಗಳ ಹೆಸರು ಫುಲ. ಫುಲವಿಲ್ಲದ ಕೌದಿ ಬತ್ತಲೆಯಿದ್ದಂತೆ ಎಂಬುದು ಅವರ ಭಾವನೆ. ಹರಕು ಬಟ್ಟೆಯ ಹೊದಿಕೆಗೂ ಅಲಂಕಾರವಿಲ್ಲದಿದ್ದರೆ ಮರ್ಯಾದೆಯಿಲ್ಲ ಎನ್ನುವ ಈ ಮನಸ್ಸನ್ನು ಬಡತನವೆನ್ನಬಹುದೇ?

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಕೌದಿಗಳನ್ನು ಅಭ್ಯಾಸ ಮಾಡಿದರು. ಹೊಲಿಯುವ ಮಹಿಳೆಯರ ಸಹಕಾರ ಕೂಟವೊಂದು ರೂಪುಗೊಳ್ಳುವುದಕ್ಕೂ ನೆರವಾದರು. 2011ರಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್ ಭಾಗದಲ್ಲಿರುವ ಶೋಮ್‌ಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಸಣ್ಣ ಊರಿದೆ. ಅಲ್ಲಿಯ ಹೊಲಗಳಲ್ಲಿ ಗುಲಾಮರಾಗಿ ದುಡಿದವರ ಸಂತತಿಯ ಹೆಣ್ಣುಮಕ್ಕಳೂ ಹಳೆಯ ಬಟ್ಟೆಗಳಿಂದ ಹೊದಿಕೆ ಹೊಲಿಯುತ್ತ ಬಂದವರು. 2002ರಲ್ಲಿ ಅವರ ಹೊದಿಕೆಗಳು ದೊಡ್ಡ ಕಲಾಶಾಲೆಗಳ ಗೋಡೆಗಳನ್ನೇರಿದವು. 2006ರಲ್ಲಿ ಆ ದೇಶದ ಅಂಚೆಚೀಟಿಗಳ ಮೇಲೆಯೂ ಮೂಡಿದವು. ಸಾಗರದ ಆಚೆಯ ಜನ ಬಂದು ತೋರಿಸುವವರೆಗೆ ನಮ್ಮ ಹಿತ್ತಿಲಿನ ಸಂಪತ್ತು ನಮಗೆ ಕಾಣದಿರುವುದು ಹೆಮ್ಮೆಯ ಸಂಗತಿಯಲ್ಲ.

ಹೊಲಿಗೆಯ ಲೆಕ್ಕ

ಕೌದಿಯ ಬೆಲೆಯನ್ನು ತಿಳಿಯಬೇಕಾದರೆ ಒಂದು ಸರಳ ಗಣಿತ ಸಾಕು. 6 ಅಡಿ ಉದ್ದ, 4 ಅಡಿ ಅಗಲದ ಒಂದು ಕೌದಿಯನ್ನು ತೆಗೆದುಕೊಳ್ಳೋಣ. ಅರ್ಧ ಅಂಗುಲಕ್ಕೊಂದು ಸಾಲಿನಂತೆ ಹೊಲಿದರೆ 96 ಸಾಲುಗಳಾಗುತ್ತವೆ. ಒಂದೊಂದು ಸಾಲು 6 ಅಡಿಯಂತೆ ಹೊಲಿಗೆಯ ಒಟ್ಟು ಉದ್ದ 576 ಅಡಿ. ಅಂಗುಲಕ್ಕೆ ಮೂರು ಹೊಲಿಗೆಯೆಂದರೂ 20,736 ಹೊಲಿಗೆಗಳು.

ಒಂದು ಹೊಲಿಗೆಗೆ ಕೇವಲ 10 ಪೈಸೆಯಂತೆ ಕೂಲಿ ಹಿಡಿದರೂ ಎರಡು ಸಾವಿರ ರೂಪಾಯಿ ಮೀರುತ್ತದೆ. ಅರಿವೆ, ದಾರಗಳ ಬೆಲೆ ಇದಕ್ಕೆ ಸೇರಿಲ್ಲ. ಆದ್ದರಿಂದ ಸಿದ್ದಿ ತಾಯಿಯೊಬ್ಬಳಿಂದಾಗಲಿ, ಓಣಿಗೆ ಬಂದು ಕೌದಿ ಹೊಲಿದುಕೊಡುವ ಯಾವ ಹೆಣ್ಣುಮಗಳಿಂದಾಗಲಿ ಕೌದಿ ಹೊಲಿಸುವಾಗ ಚೌಕಾಸಿಗೆ ನಿಲ್ಲುವ ಮೊದಲು ಈ ಲೆಕ್ಕವನ್ನು ನೆನೆಯಬೇಕು. ಕಾಯಕಕ್ಕೆ ತಕ್ಕ ಪ್ರತಿಫಲ ಸಲ್ಲದ ಮನೆಯಲ್ಲಿ ಕಾಯಕದ ಮಾತು ಬಾಯಿಮಾತಾಗಿಯೇ ಉಳಿಯುತ್ತದೆ. ಸೂಜಿಯ ಕಾಯಕವನ್ನು ತನ್ನ ಹೆಸರಿನೊಂದಿಗೇ ಧರಿಸಿದ ಸೂಜಿಕಾಯಕದ ರಾಮಿತಂದೆ ಎಂಬ ಶರಣನನ್ನು ವಚನಕಾರರ ಸಾಲಿನಲ್ಲಿ ಗೌರವಿಸುವ ಪರಂಪರೆ ನಮ್ಮದು. ಸೂಜಿ ಹಿಡಿದ ಕೈಗೆ ಕಡಿಮೆ ಬೆಲೆ ಕಟ್ಟುವುದು ಆ ಪರಂಪರೆಗೆ ಒಪ್ಪುವ ನಡೆಯಲ್ಲ.

ಇದೇ ಗಣಿತ ಇನ್ನೊಂದು ಪಾಠವನ್ನೂ ಹೇಳುತ್ತದೆ. ದಿನಕ್ಕೆ 300 ಹೊಲಿಗೆ ಹಾಕುವವಳು ಒಬ್ಬಳೇ ಕುಳಿತರೆ ದೊಡ್ಡ ಕೌದಿ ಮುಗಿಯಲು 70 ದಿನ ಬೇಕು, ಬೇಸಿಗೆಯೇ ಮುಗಿದುಹೋಗುತ್ತದೆ. ನಾಲ್ವರು ಕುಳಿತರೆ 18 ದಿನಗಳಲ್ಲಿ ಮುಗಿಯುತ್ತದೆ. ಕೌದಿ ಒಂಟಿತನದ ಕೆಲಸವಲ್ಲ, ಒಕ್ಕಟ್ಟಿನ ಕೆಲಸ.

ಹೊಲಿಯುವ ಕ್ರಮ

ಹೊಸದಾಗಿ ಕಲಿಯುವವರು ದೊಡ್ಡ ಕೌದಿಗೆ ಕೈಹಾಕದಿರುವುದು ಲೇಸು. 3 ಅಡಿ ಉದ್ದ, 2 ಅಡಿ ಅಗಲದ ತೊಟ್ಟಿಲ ಕೌದಿಯಿಂದ ಆರಂಭಿಸಬೇಕು. ಇದು ದೊಡ್ಡದರ ನಾಲ್ಕನೆಯ ಒಂದು ಪಾಲು ಮಾತ್ರ. ಒಬ್ಬರೇ ಹೊಲಿದರೂ ಮೂರು ವಾರದೊಳಗೆ ಮುಗಿಯುತ್ತದೆ.

ಮೊದಲು ಹತ್ತಿಯ ಅರಿವೆಗಳನ್ನೇ ಆರಿಸಿ, ಒಗೆದು, ಎರಡು ಬಿಸಿಲು ಕಾಣಿಸಬೇಕು. ಗುಂಡಿ, ಕೊಕ್ಕೆ, ಜರಿ, ದಪ್ಪನೆಯ ಮಡಿಕೆಗಳನ್ನು ಕತ್ತರಿಸಿ ತೆಗೆಯಬೇಕು. ಇಲ್ಲವಾದರೆ ಸೂಜಿ ಮುರಿಯುತ್ತದೆ, ಮಲಗಿದವರಿಗೂ ಚುಚ್ಚುತ್ತದೆ. ಗಟ್ಟಿಯಾಗಿ ಉಳಿದ ಅರಿವೆಯನ್ನು ತಳಕ್ಕೂ ಮೇಲಕ್ಕೂ, ಸವೆದುದನ್ನು ನಡುವಿನ ಪದರಗಳಿಗೂ ಬಳಸಬೇಕು. ನಮ್ಮ ಬಳಕೆಗೆ ನಡುವೆ ಎರಡು ಪದರ ಸಾಕು. ಹೆಚ್ಚಾದರೆ ಸೂಜಿ ದಾಟದು, ಒಗೆದರೆ ಒಣಗದು.

ಚಾಪೆಯ ಮೇಲೆ ಪದರಗಳನ್ನು ಸುಕ್ಕಿಲ್ಲದೆ ಹಾಸಿ, ನಾಲ್ಕು ಮೂಲೆಗಳಿಗೆ ಭಾರವಿಟ್ಟು, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ದಾರವನ್ನು ಎರಡೆಳೆ ಮಾಡಿ, ಜೇನುಮೇಣದ ಮೇಲೆ ಒಮ್ಮೆ ಎಳೆದರೆ ತೊಡಕಾಗದು. ದಾರದ ಉದ್ದ ಎರಡು ಮೊಳ ಮೀರಬಾರದು. ಉದ್ದ ಹೆಚ್ಚಿದಷ್ಟೂ ಗಂಟು ಹೆಚ್ಚು. ಅಂಚಿನಿಂದ ಆರಂಭಿಸಿ ಒಳಮುಖವಾಗಿ ಸಾಗಿದರೆ ಸುಕ್ಕುಗಳು ನಡುವಿಗೆ ಸರಿಯುತ್ತ ಹೋಗುತ್ತವೆ. ಕೈಯಿಂದ ಸವರಿ ಅವುಗಳನ್ನು ಬಿಡಿಸಿಕೊಳ್ಳುತ್ತ ಮುನ್ನಡೆಯಬೇಕು. ಒಂದು ಸಾಲು ಸೊಟ್ಟಗಾದರೆ ಬಿಚ್ಚುವ ಗೋಜಿಗೆ ಹೋಗಬೇಕಾಗಿಲ್ಲ. ಮುಂದಿನ ಸಾಲನ್ನು ಅದಕ್ಕೆ ಹೊಂದಿಸಿ ಹೊಲಿದರೆ ಆ ಸೊಟ್ಟವೇ ಒಂದು ಅಂದವಾಗುತ್ತದೆ.

ಇದರಲ್ಲಿ ಎಲ್ಲರಿಗೂ ಪಾಲು ಉಂಟು. ಅಜ್ಜಿಯ ಕೈ ಗಟ್ಟಿಯಿದ್ದರೂ ಕಣ್ಣು ಮಂದವಾಗಿರುತ್ತದೆ; ಮೊಮ್ಮಗುವಿನ ಕಣ್ಣು ಚುರುಕಾಗಿದ್ದರೂ ಕೈ ಪಳಗಿರುವುದಿಲ್ಲ. ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸವನ್ನು ಮೊಮ್ಮಗುವಿಗೆ ವಹಿಸಿದರೆ ಇಬ್ಬರೂ ಒಬ್ಬರಿಗೊಬ್ಬರು ಬೇಕಾಗುತ್ತಾರೆ. ‘ಈ ತುಂಡು ಯಾರದು?’ ಎಂದು ಮಗು ಕೇಳುತ್ತದೆ, ಅಜ್ಜಿ ಹೇಳತೊಡಗುತ್ತಾಳೆ. ಮನೆತನದ ಕಥೆ ಮುಂದಿನ ತಲೆಮಾರಿಗೆ ದಾಟುವುದು ಹೀಗೆ. ಇದು ಹೆಣ್ಣುಮಕ್ಕಳ ಕೆಲಸವೆಂದು ಗಂಡುಮಕ್ಕಳನ್ನು ಹೊರಗಟ್ಟಬಾರದು. ಹರಿದುದನ್ನು ಹೊಲಿದುಕೊಳ್ಳಲು ಬಾರದವನು ಯಾವ ಊರಿಗೆ ಹೋದರೂ ಪರಾವಲಂಬಿಯೇ.

ಸೂಜಿಯಲ್ಲಿ ಕೈ ಪಳಗಿದ ಮೇಲೆ ಕಸೂತಿಯನ್ನೂ ಕಲಿಯಬಹುದು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗೋಪುರ, ತೇರು, ನವಿಲು, ಆನೆಗಳನ್ನು ಎಳೆಯೆಣಿಸಿ ಮೂಡಿಸುವ ಈ ಕಲೆ ಧಾರವಾಡ ಸೀಮೆಯ ಹೆಮ್ಮೆ; ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಕಸೂತಿ ಹೊಸ ಸೀರೆಯ ಸಿಂಗಾರ, ಕೌದಿ ಹಳೆಯ ಸೀರೆಯ ಸಾರ್ಥಕತೆ. ಒಂದನ್ನು ಊರು ನೋಡುತ್ತದೆ; ಇನ್ನೊಂದನ್ನು ಮನೆಯವರು ಮಾತ್ರ ಬಲ್ಲರು. ಎರಡಕ್ಕೂ ಬೇಕಾದುದು ಒಂದೇ ಸೂಜಿ, ಒಂದೇ ತಾಳ್ಮೆ.

ಓದುಗ ಬಂಧುಗಳಲ್ಲಿ ಕೊನೆಯದಾಗಿ ಒಂದು ವಿನಂತಿ. ಈ ಬೇಸಿಗೆಯಲ್ಲಿ ಪಾತ್ರೆಯವನು ಓಣಿಗೆ ಬಂದಾಗ ಹಳೆಯ ಸೀರೆಗಳ ಗಂಟನ್ನು ಅವನ ಮುಂದೆ ಇಡುವ ಮೊದಲು ಮನೆಯ ಹಿರಿಯ ತಾಯಿಯ ಮುಂದೆ ಬಿಚ್ಚಿರಿ. ಯಾವುದು ಯಾರದೆಂದು ಕೇಳಿರಿ. ಅವುಗಳಲ್ಲಿ ನಾಲ್ಕನ್ನು ತೆಗೆದಿರಿಸಿ, ಅವಳಿಂದಲೇ ಮೊದಲ ಸಾಲು ಹೊಲಿಸಿರಿ. ಹೊಲಿಯುವವರು ಮನೆಯಲ್ಲಿ ಇಲ್ಲದಿದ್ದರೆ ನೆರೆಯ ಹೊಲಿಯುವ ಕೈಗೆ ತಕ್ಕ ಕೂಲಿ ಕೊಟ್ಟು ಹೊಲಿಸಿರಿ. ಆ ಕೌದಿಯನ್ನು ಅಟ್ಟಕ್ಕೇರಿಸದೆ, ಬೀಗರು ಬಂದ ದಿನವೂ ಪಡಸಾಲೆಯಲ್ಲಿಯೇ ಹಾಸಿರಿ.